ಇಳಿಜಾರಿನ ಮಸಿ

ವಾಹನಗಳ ಹೊಗೆಗೆ ಮಿತಿ ಹಾಕುವ ಬಿಎಸ್-6 ನಿಯಮ ಜಾರಿಗೆ ಬಂದು ಎರಡು ವರ್ಷ ಕಳೆದಿದ್ದವು. ನಾನಾಗ ಪುಣೆಯಲ್ಲಿ, ಲಾರಿಗಳಿಗೆ ಡೀಸೆಲ್ ಎಂಜಿನ್ ತಯಾರಿಸುವ ಕಂಪನಿಯೊಂದರ ತಾಂತ್ರಿಕ ಕೇಂದ್ರದಲ್ಲಿ, ದಹನ ವಿಭಾಗದ ಹಿರಿಯ ಎಂಜಿನಿಯರ್ ಆಗಿದ್ದೆ. ಸಿಲಿಂಡರಿನೊಳಗೆ ಡೀಸೆಲ್ ಹೇಗೆ ಉರಿಯುತ್ತದೆ, ಉರಿದಾಗ ಎಷ್ಟು ಮಸಿ ಹುಟ್ಟುತ್ತದೆ ಎಂಬುದನ್ನು ಕಂಪ್ಯೂಟರಿನಲ್ಲಿ ಲೆಕ್ಕ ಹಾಕುವುದು ನಮ್ಮ ವಿಭಾಗದ ಕೆಲಸ. ದಾವಣಗೆರೆಯವಳಾದರೂ ನೌಕರಿಗೆ ಸೇರಿದ ಮೇಲೆ ನಾನು ಕರ್ನಾಟಕದ ಕಡೆ ಬರುತ್ತಿದ್ದದ್ದು ಮದುವೆ, ಮುಂಜಿಗಳಿಗೆ ಮಾತ್ರ. ಆ ಡಿಸೆಂಬರಿನಲ್ಲಿ ಮಾತ್ರ ಕೆಲಸದ ಮೇಲೆಯೇ ಬರಬೇಕಾಯಿತು. ಹೊಸಪೇಟೆಯ ಸರ್ವೀಸ್ ವರ್ಕ್‌ಶಾಪಿನಿಂದ ನಮಗೊಂದು ಮರದ ಪೆಟ್ಟಿಗೆ ಬಂದಿತ್ತು. ಅದರೊಳಗೆ ಸುಟ್ಟುಹೋದ ಮೂರು ಫಿಲ್ಟರ್‌ಗಳಿದ್ದವು.

ಬಿಎಸ್-6 ಲಾರಿಗಳ ಹೊಗೆ ಕೊಳವೆಯಲ್ಲಿ ಒಂದು ಉಕ್ಕಿನ ಡಬ್ಬಿ ಇರುತ್ತದೆ. ಅದರೊಳಗೆ ಪಿಂಗಾಣಿಯ ಜೇನುಗೂಡು. ಹೊಗೆ ಅದರ ಸಣ್ಣ ಗೂಡುಗಳ ಗೋಡೆಯ ಮೂಲಕ ಹಾಯ್ದು ಹೊರಗೆ ಹೋಗುತ್ತದೆ, ಮಸಿ ಒಳಗೇ ಉಳಿಯುತ್ತದೆ. ಡಬ್ಬಿ ತುಂಬುತ್ತ ಬಂದಾಗ ಎಂಜಿನ್ನಿನ ಕಂಪ್ಯೂಟರು ಹೊಗೆಯನ್ನು ಸುಮಾರು ಆರುನೂರು ಡಿಗ್ರಿವರೆಗೆ ಕಾಯಿಸಿ ಆ ಮಸಿಯನ್ನು ನಿಧಾನವಾಗಿ ಸುಟ್ಟುಹಾಕುತ್ತದೆ. ಇದಕ್ಕೆ ರೀಜನರೇಷನ್ ಎನ್ನುತ್ತೇವೆ. ಚಾಲಕರ ಬಾಯಲ್ಲಿ ಅದು ಬರೀ ರೀಜನ್. ಪೆಟ್ಟಿಗೆಯಲ್ಲಿ ಬಂದ ಮೂರು ಜೇನುಗೂಡುಗಳ ನಡುಭಾಗ ಪಾಕವಾಗಿ ಹರಿದು ಮತ್ತೆ ಗಟ್ಟಿಯಾಗಿತ್ತು. ಆ ಪಿಂಗಾಣಿ ಕರಗಬೇಕಾದರೆ ಆರುನೂರು ಡಿಗ್ರಿಯ ಎರಡರಷ್ಟು ಶಾಖವೂ ಸಾಲದು. ನಾವು ನಿಧಾನವಾಗಿ ಸುಡಬೇಕೆಂದುಕೊಂಡಿದ್ದ ಮಸಿ ಡಬ್ಬಿಯೊಳಗೆ ಒಮ್ಮೆಲೇ ಭಗ್ಗೆಂದಿತ್ತು.

ಹಾಗಾಗುವುದು ಮಸಿ ಅತಿಯಾಗಿ ತುಂಬಿದ್ದರೆ ಮಾತ್ರ. ಆದರೆ ಮೂರೂ ಲಾರಿಗಳ ಕಂಪ್ಯೂಟರಿನಲ್ಲಿ ದಾಖಲಾಗಿದ್ದ ಮಸಿಯ ಪ್ರಮಾಣ ಮಿತಿಯೊಳಗೇ ಇತ್ತು. ಚಿಂತೆ ಹುಟ್ಟಿದ್ದೇ ಇಲ್ಲಿ. ಓಡುವ ಲಾರಿಯ ಡಬ್ಬಿಯಲ್ಲಿ ಎಷ್ಟು ಮಸಿ ಇದೆಯೆಂದು ಯಾರೂ ತೂಗಿ ನೋಡುವುದಿಲ್ಲ. ಒತ್ತಡ ಅಳೆಯುವ ಒಂದು ಸೆನ್ಸರ್ ಇದೆ, ಆದರೆ ಲಾರಿ ನಿಧಾನವಾಗಿದ್ದಾಗ ಅದನ್ನು ನಂಬುವಂತಿಲ್ಲ. ಹೀಗಾಗಿ ಕಂಪ್ಯೂಟರು ಒಂದು ಮಾಡೆಲ್, ಅಂದರೆ ಗಣಿತದ ಮಾದರಿಯೊಂದನ್ನು ನೆಚ್ಚಿಕೊಂಡು ಅಂದಾಜು ಮಾಡುತ್ತದೆ. ಸಿಲಿಂಡರಿನಲ್ಲಿ ಡೀಸೆಲ್ಲಿನ ತುಂತುರು ದಟ್ಟವಾಗಿರುವಲ್ಲಿ, ಗಾಳಿ ಸಾಲದ ಕಡೆ ಮಸಿ ಹುಟ್ಟುತ್ತದೆ. ಮರುಕ್ಷಣ ಅದರ ಹೆಚ್ಚಿನ ಪಾಲು ಗಾಳಿ ಸಿಕ್ಕಿ ಅಲ್ಲೇ ಸುಟ್ಟುಹೋಗುತ್ತದೆ. ಹೊರಗೆ ಬರುವುದು ಎರಡು ದೊಡ್ಡ ಮೊತ್ತಗಳ ನಡುವಿನ ಸಣ್ಣ ವ್ಯತ್ಯಾಸ. ದೊಡ್ಡ ಮೊತ್ತದಲ್ಲಿ ಸ್ವಲ್ಪ ತಪ್ಪಿದರೂ ಉಳಿಕೆಯ ಲೆಕ್ಕ ಹಲವು ಪಟ್ಟು ತಪ್ಪುತ್ತದೆ. ಈ ಕಸುಬಿಗಿಳಿದ ಎಲ್ಲರಿಗೂ ಗೊತ್ತಿರುವ ಮಾತು ಇದು. ಗೊತ್ತಿದ್ದೂ ಹೆದರುವುದು ಅಪರೂಪ.

ಹೊಸಪೇಟೆಯಲ್ಲಿ ರೈಲಿನಿಂದ ಇಳಿದಾಗ ವರ್ಕ್‌ಶಾಪಿನ ಮೇಲ್ವಿಚಾರಕ ಪಂಪಾಪತಿ ಕಾಯುತ್ತಿದ್ದರು. ಐವತ್ತರ ಆಸುಪಾಸಿನ ದಪ್ಪ ಮನುಷ್ಯ, ಮಾತಿಗೊಮ್ಮೆ ಕನ್ನಡಕ ತೆಗೆದು ಅಂಗಿಯ ತುದಿಯಿಂದ ಒರೆಸುವವರು. ಬೈಪಾಸ್ ರಸ್ತೆಯ ಬದಿಯ ವರ್ಕ್‌ಶಾಪಿಗೆ ಕರೆದೊಯ್ದು, ಚಹಾ ತರಿಸಿ, ಎದುರಿಗೆ ಕುಳಿತ ಮೇಲೆ ಕೇಳಿದರು:

“ಮೇಡಂ, ಒಂದು ಮಾತು. ನಮ್ಮ ಡ್ರೈವರ್ರು ಏನರ ತಪ್ಪು ಮಾಡ್ಯಾರೇನು ಅಂತ ನೋಡಾಕ ಬಂದೀರೋ, ಗಾಡಿದೇನರ ತಪ್ಪೈತೇನು ಅಂತ ನೋಡಾಕ ಬಂದೀರೋ?”

“ನನಗೇ ಗೊತ್ತಿಲ್ಲ” ಎಂದೆ. ಅವರಿಗೆ ಆ ಉತ್ತರ ಹಿಡಿಸಿತೆಂದು ಕಾಣುತ್ತದೆ. ಮರುದಿನ ಬೆಳಗ್ಗೆ ಅದಿರು ಸಾಗಿಸುವ ಟಿಪ್ಪರೊಂದರಲ್ಲಿ ಕೂರಿಸಿ ನನ್ನನ್ನು ಸಂಡೂರಿನ ಬೆಟ್ಟಕ್ಕೆ ಕಳಿಸಿದರು.

ಲ್ಯಾಪ್‌ಟಾಪನ್ನು ಎಂಜಿನ್ನಿನ ಕಂಪ್ಯೂಟರಿಗೆ ಜೋಡಿಸಿ ತೊಡೆಯ ಮೇಲಿಟ್ಟುಕೊಂಡಿದ್ದೆ. ದೋಣಿಮಲೈ ಕಡೆಯ ಬೆಟ್ಟಸಾಲಿನ ಏರುದಾರಿಯಲ್ಲಿ ಖಾಲಿ ಟಿಪ್ಪರ್ ಹಗುರವಾಗಿ ಹತ್ತಿತು. ಮೇಲೆ ಅದಿರು ತುಂಬಿಸಿಕೊಳ್ಳುವ ಸರದಿಗಾಗಿ ಎಂಜಿನ್ ಬಂದ್ ಮಾಡದೆ ಬಹಳ ಹೊತ್ತು ನಿಂತಿತು. ತುಂಬಿಕೊಂಡ ಮೇಲೆ ಗೇರಿನ ಹಿಡಿತದಲ್ಲಿ ಇಳಿಜಾರಿಗೆ ಬಿದ್ದಿತು. ಗೇರಿನ ಹಿಡಿತದಲ್ಲಿ ಇಳಿಯುವಾಗ ಎಂಜಿನ್ನಿಗೆ ಡೀಸೆಲ್ಲೇ ಹೋಗುವುದಿಲ್ಲ, ಬರೀ ತಣ್ಣನೆಯ ಗಾಳಿ ಹಾಯುತ್ತದೆ. ಹೊಗೆಯ ಉಷ್ಣತೆ ತೋರಿಸುವ ಗೆರೆ ನೆಲ ಹಿಡಿದು ಮಲಗಿತ್ತು. ಕಿಟಕಿಯ ಹೊರಗೆ ಮರ, ಮೋರಿ, ಅಂಗಡಿಯ ಹಲಗೆ ಎಲ್ಲವೂ ಕೆಂಪು. ಡ್ರೈವರ್ ಏರ್ ಫಿಲ್ಟರ್ ಬಿಚ್ಚಿ ತೋರಿಸಿದಾಗ ಅದರಲ್ಲೂ ಬೆರಳು ಹುಗಿಯುವಷ್ಟು ಕೆಂಪು ಧೂಳು.

ನಮ್ಮ ಮಾದರಿಯನ್ನು ಹೊಂದಿಸಿದ್ದು ಹೆದ್ದಾರಿಯ ಮೇಲೆ, ಘಾಟಿಯ ಮೇಲೆ. ಅಲ್ಲಿ ಲಾರಿ ಭಾರ ಹೊತ್ತು ಏರುತ್ತದೆ, ಎಂಜಿನ್ ದುಡಿಯುತ್ತದೆ, ಹೊಗೆ ಕಾಯುತ್ತದೆ, ಕಾದ ಹೊಗೆಯಲ್ಲಿ ಮಸಿ ದಾರಿಯುದ್ದಕ್ಕೂ ಅಷ್ಟಷ್ಟು ತಾನಾಗಿಯೇ ಸವೆಯುತ್ತದೆ. ಸಂಡೂರಿನಲ್ಲಿ ಭಾರ ಇರುವುದು ಬೆಟ್ಟದ ತಲೆಯ ಮೇಲೆ. ಇಲ್ಲಿ ಲಾರಿ ಖಾಲಿಯಾಗಿ ಏರಿ ತುಂಬಿ ಇಳಿಯುತ್ತದೆ. ಹೊಗೆ ಕಾಯುವುದೇ ಇಲ್ಲ. ಮೇಲಿಂದ ಧೂಳು ಕಟ್ಟಿ ಗಾಳಿಯೂ ಕಡಿಮೆ, ಹಾಗಾಗಿ ಹುಟ್ಟುವ ಮಸಿಯೇ ಹೆಚ್ಚು. ಕಂಪ್ಯೂಟರಿಗೆ ಇದಾವುದೂ ತಿಳಿಯದು. ಅದು ಹೆದ್ದಾರಿಯ ಲೆಕ್ಕವನ್ನೇ ಹಾಕುತ್ತ, ಬಹಳ ಸಮಾಧಾನದಿಂದ, ಎಲ್ಲ ಸರಿಯಿದೆ ಎನ್ನುತ್ತಿತ್ತು. ಆ ಇಳಿಜಾರಿನಲ್ಲಿ ಕುಳಿತು ಪರದೆಯ ಮೇಲಿನ ಆ ಸಣ್ಣ ಸಂಖ್ಯೆಯನ್ನು ಬರೆದುಕೊಂಡೆ.

ಸಂಜೆ ಅದೇ ಟಿಪ್ಪರಿನ ಫಿಲ್ಟರ್ ಬಿಚ್ಚಿಸಿದೆ. ಖಾಲಿ ಫಿಲ್ಟರಿನ ತೂಕ ಕಾರ್ಖಾನೆಯಲ್ಲೇ ಅದರ ಮೈಮೇಲೆ ಕೆತ್ತಿರುತ್ತದೆ. ಪಂಪಾಪತಿಯವರು ಪರಿಚಯದ ಅಂಗಡಿಯೊಂದರಿಂದ ಸೂಕ್ಷ್ಮ ತಕ್ಕಡಿ ತರಿಸಿದರು. ಕಂಪ್ಯೂಟರು ಹೇಳಿದ್ದಕ್ಕಿಂತ ಎರಡೂವರೆ ಪಟ್ಟು ಮಸಿ ಒಳಗಿತ್ತು. ತಪ್ಪಿರಬೇಕೆಂದು ಮತ್ತೊಂದು ಟಿಪ್ಪರಿನದನ್ನು ಬಿಚ್ಚಿಸಿದೆ. ಅದೂ ಹಾಗೆಯೇ.

“ಅಂದ್ರ, ಇವೆಲ್ಲಾ ಬಾಂಬ್ ಕಟ್ಟಿಗೊಂಡು ಅಡ್ಡಾಡಾಕ ಹತ್ಯಾವ ಅಂದಂಗಾತು” ಎಂದರು ಪಂಪಾಪತಿ.

“ಬಾಂಬ್ ಅಲ್ಲ. ಇದ್ದಿಲು ತುಂಬಿದ ಒಲೆ. ಯಾರಾದರೂ ಹೊತ್ತಿಸುವವರೆಗೆ ಸುಮ್ಮನಿರುತ್ತದೆ.”

ಮರುದಿನ ಬೆಳಗ್ಗೆ ಪುಣೆಗೆ ಫೋನ್ ಮಾಡಿದೆ. ನನ್ನ ಮೇಲಧಿಕಾರಿ ಕೆಟ್ಟವರಲ್ಲ, ಎಚ್ಚರಿಕೆಯ ಮನುಷ್ಯ. ಎರಡು ಫಿಲ್ಟರುಗಳ ತೂಕದ ಮೇಲೆ ಒಂದು ಪ್ರದೇಶದ ಲಾರಿಗಳನ್ನೆಲ್ಲ ನಿಲ್ಲಿಸಲಾಗದು, ಇನ್ನಷ್ಟು ಅಳತೆ ಬರಲಿ, ವಾರ ಕಳೆದ ಮೇಲೆ ಕುಳಿತು ಮಾತಾಡೋಣ ಎಂದರು. ಅವರ ಜಾಗದಲ್ಲಿದ್ದರೆ ನಾನೂ ಬಹುಶಃ ಅದನ್ನೇ ಹೇಳುತ್ತಿದ್ದೆ. ಫೋನ್ ಇಟ್ಟು ಪಂಪಾಪತಿಯವರ ಮುಖ ನೋಡಿದೆ. ಅವರು ಕನ್ನಡಕ ಒರೆಸುತ್ತಿದ್ದರು.

“ನನ್ನ ಮಾತಿನ ಮೇಲೆ ನಿಲ್ಲಿಸುತ್ತೀರಾ?” ಎಂದು ಕೇಳಿದೆ. “ಪುಣೆಯಿಂದ ಆರ್ಡರ್ ಬಂದಿಲ್ಲ. ಬರುತ್ತದೆಂಬ ಖಾತ್ರಿಯೂ ಇಲ್ಲ.”

“ನಿಲ್ಲಸೂಣ ಬಿಡ್ರಿ. ಓನರ್‌ಗಳು ಬೈದ್ರ ಬೈಸಿಗೊಳ್ಳಾಕ ನಾ ಅದೀನಿ.”

ಚಾಲಕರಿಗೆ ಒಬ್ಬೊಬ್ಬರಿಗೇ ಫೋನ್ ಮಾಡಿ ಹೇಳಿದರು: ರೀಜನ್ ಮಾಡಬೇಡಿ, ಲಾರಿಯನ್ನು ಬಯಲಲ್ಲಿ ನಿಲ್ಲಿಸಿ, ವರ್ಕ್‌ಶಾಪಿನಿಂದ ಜನ ಬರುತ್ತಾರೆ. ಎಲ್ಲರೂ ಸಿಕ್ಕರು, ಒಬ್ಬನನ್ನು ಬಿಟ್ಟು. ಗಾದಿಲಿಂಗಪ್ಪ ಎಂಬ ಚಾಲಕ. ಟಿಪ್ಪರ್ ಅವನ ಸ್ವಂತದ್ದು. ಅದಿರಿನ ಬಾಡಿಗೆ ಕಡಿಮೆಯಾದ ತಿಂಗಳುಗಳಲ್ಲಿ ಅವನು ಟಿಪ್ಪರಿನ ಪಕ್ಕಗಳಿಗೆ ಗೂಟ ನಿಲ್ಲಿಸಿ, ಕಂಪ್ಲಿ ತಾಲೂಕಿನ ತನ್ನ ಊರು ಎಮ್ಮಿಗನೂರಿನಿಂದ ಕಬ್ಬು ಹೇರುತ್ತಿದ್ದ. ಫೋನು ಸ್ವಿಚ್ ಆಫ್ ಇತ್ತು. ಪಂಪಾಪತಿ ಎರಡನೆಯ ಸಲ ಪ್ರಯತ್ನಿಸಿ, ಕೈಯಲ್ಲಿದ್ದ ಫೋನನ್ನು ಮೇಜಿನ ಮೇಲೆ ಮೆಲ್ಲಗೆ ಇಟ್ಟರು.

“ಮೇಡಂ, ಇಂವ ಹೋದ ವಾರ ಬಂದಿದ್ದ. ಕಬ್ಬಿನ ಹೊಲದಾಗ ನಿಂತಾಗ ತಾನಾ ರೀಜನ್ ಆಗಿ, ಕೆಳಗ ರವದಿ ಹೊಗಿ ಆಡಿತ್ತಂತ. ಅವತ್ತಿನಿಂದ ರೀಜನ್ ಆಗದಂಗ ಬಟನ್ ಒತ್ತೇ ಇಟ್ಟೀನಿ ಅಂದ. ನಾನೂ ಚಲೋ ಮಾಡೀಯಪಾ ಅಂದೆ.”

ರವದಿ ಎಂದರೆ ಕಬ್ಬಿನ ಒಣಗಿದ ಗರಿ. ಬೆಂಕಿಯ ಕಿಡಿಗೆ ಕಾದುಕೊಂಡೇ ಇರುವಂಥದ್ದು. ಬೆಂಕಿಗೆ ಹೆದರಿ ರೀಜನ್ ತಡೆದವನು ಪ್ರತಿ ಕಿಲೋಮೀಟರಿಗೂ ಡಬ್ಬಿಯಲ್ಲಿ ಮಸಿ ಪೇರಿಸುತ್ತ ಹೋಗಿದ್ದ. ಅವನ ಎಚ್ಚರಿಕೆಯೇ ಅವನ ಲಾರಿಯನ್ನು ಎಲ್ಲಕ್ಕಿಂತ ಅಪಾಯದ ಲಾರಿಯಾಗಿಸಿತ್ತು. ಮಸಿ ಮಿತಿ ಮೀರಿದೆಯೆಂದು ಕಂಪ್ಯೂಟರಿಗೂ ಕೊನೆಗೆ ತಿಳಿದಾಗ ಅದು ಎಂಜಿನ್ನಿನ ಶಕ್ತಿಯನ್ನು ಅರ್ಧಕ್ಕೆ ಇಳಿಸಿಬಿಡುತ್ತದೆ. ಆಗ ಚಾಲಕನಿಗೆ ಉಳಿಯುವುದು ಒಂದೇ ದಾರಿ: ಲಾರಿ ನಿಲ್ಲಿಸಿ, ಇನ್ನೊಂದು ಗುಂಡಿ ಒತ್ತಿ, ನಿಂತಲ್ಲೇ ರೀಜನ್ ಮಾಡಿಸುವುದು. ಹಾಗೆ ಮಾಡಿರೆಂದು ಎಲ್ಲ ಚಾಲಕರಿಗೂ ಹೇಳಿಕೊಟ್ಟವರು ನಮ್ಮವರೇ.

ಪಂಪಾಪತಿಯವರ ಜೀಪಿನಲ್ಲಿ ಹೊರಟೆವು. ಕಮಲಾಪುರ ದಾಟುವಾಗ ಹಂಪಿಗೆ ಹೊರಟ ಪ್ರವಾಸಿ ಬಸ್ಸುಗಳ ಸಾಲು ಅಡ್ಡ ಬಂತು. ಒಂದೊಂದೂ ನಿಂತು ತಿರುಗುವವರೆಗೆ ಪಂಪಾಪತಿ ಹಾರ್ನಿನ ಮೇಲಿನ ಕೈ ತೆಗೆಯಲಿಲ್ಲ. ಕಂಪ್ಲಿ ಬಿಟ್ಟ ಮೇಲೆ ಎರಡೂ ಬದಿ ಭತ್ತದ ಕೂಳೆ, ನಡುನಡುವೆ ಆಳೆತ್ತರದ ಕಬ್ಬು. ಬಿಸಿಲು ಏರಿತ್ತು. ಎಮ್ಮಿಗನೂರಿನ ಹೋಟೆಲೊಂದರ ಮುಂದೆ ಕೇಳಿದಾಗ, ಕಾಲುವೆ ಏರಿಯಾಚೆ ಕಟಾವು ನಡೆದಿದೆ, ಗಾದಿಲಿಂಗ ಅಲ್ಲೇ ಇದ್ದಾನೆಂದು ತಿಳಿಯಿತು.

ದೂರದಿಂದಲೇ ಎಂಜಿನ್ನಿನ ಸದ್ದು ಕೇಳಿಸಿತು. ನಿಂತ ಲಾರಿಯ ಗುಡುಗುಡು ಅಲ್ಲ, ಯಾರೋ ಕಾಲಿನಿಂದ ಒತ್ತಿ ಹಿಡಿದಂತೆ ಏರಿದ, ಏರುಪೇರಿಲ್ಲದ ಸದ್ದು. ನಿಂತಲ್ಲಿ ರೀಜನ್ ಆಗುವಾಗ ಮಾತ್ರ ಬರುವ ಸದ್ದು ಅದು. ಗುಂಡಿ ಒತ್ತಿಯಾಗಿತ್ತು.

ಕೊಯ್ದ ಹೊಲದ ನಡುವೆ, ಕಬ್ಬಿನ ಭಾರಕ್ಕೆ ಬಾಗಿದ ಟಿಪ್ಪರ್ ನಿಂತಿತ್ತು. ಗಾದಿಲಿಂಗಪ್ಪ ನಲವತ್ತರ ಗಟ್ಟಿಯಾಳು. ಡಬ್ಬಿಯ ಸುತ್ತ ರವದಿ ಬಾಚಿ ನೆಲ ಬಯಲು ಮಾಡಿಸಿ, ಎರಡು ಕೊಡ ನೀರನ್ನೂ ಇಡಿಸಿದ್ದ. ಹೇಳಿಕೊಟ್ಟಂತೆಯೇ ಮಾಡಿದ್ದ. ಆದರೆ ಮೇಲಿನ ಹೊರೆಯಿಂದ ಒಣ ಗರಿಗಳು ಡಬ್ಬಿಯ ಮೇಲೆಯೇ ಜೋತುಬಿದ್ದಿದ್ದವು. ಟಿಪ್ಪರಿನ ಆಚೆ ಬದಿಯ ನೆರಳಿನಲ್ಲಿ ಕಟಾವಿನ ಹೆಂಗಸರು ಬುತ್ತಿ ಬಿಚ್ಚಿಕೊಂಡು ಕುಳಿತಿದ್ದರು.

“ಎಲ್ಲರೂ ದೂರ ಹೋಗಿ!” ಎಂದು ಕೂಗಿದೆ. ಯಾರೂ ಏಳಲಿಲ್ಲ. ಗುರುತಿಲ್ಲದ ಹೆಂಗಸೊಬ್ಬಳು ಓಡಿ ಬಂದು ಕೂಗಿದರೆ ಯಾರು ಏಳುತ್ತಾರೆ? ಆಗ ಹನುಮಕ್ಕ ಎಂಬ ಹಿರಿಯಾಕೆ, ಕಟಾವಿನ ಗುಂಪಿನ ಮುಂದಾಳು, ಬಗ್ಗಿ ಲಾರಿಯಡಿಯಿಂದ ಈಚೆಗೆ ನೋಡಿದಳು. ಅವಳ ಮುಖ ಬದಲಾಯಿತು.

“ಎಪ್ಪಾ ಗಾದಿಲಿಂಗಾ, ಡಬ್ಬಿ ಕೆಂಪಗಾಗೇತಿ ನೋಡೋ!”

ಉಕ್ಕಿನ ಮೈ ಮಬ್ಬುಗೆಂಪಾಗಿ ಹೊಳೆಯುತ್ತಿತ್ತು, ಹಾಡಹಗಲಿನಲ್ಲಿ. ಗಾದಿಲಿಂಗಪ್ಪ ಒಂದೇ ನೆಗೆತಕ್ಕೆ ಕ್ಯಾಬಿನ್ ಹತ್ತಿ ಬೀಗದ ಕೈಗೆ ಕೈ ಹಾಕಿದ. ಬೆಂಕಿ ಕಂಡರೆ ಎಂಜಿನ್ ಬಂದ್ ಮಾಡುವುದು ಯಾರಿಗಾದರೂ ಮೊದಲು ತೋಚುವ ಕೆಲಸ. ಆ ಕ್ಷಣದಲ್ಲಿ ಮಾಡಬಾರದ ಕೆಲಸವೂ ಅದೇ. ಒಳಗಿನ ಮಸಿ ಹೊತ್ತಿಕೊಂಡಾಗ ಅದರ ಶಾಖವನ್ನು ಹೊತ್ತು ಹೊರಗೆ ಹಾಕುತ್ತಿರುವುದು ಎಂಜಿನ್ನಿನಿಂದ ಬರುವ ಹೊಗೆಯೊಂದೇ. ಹೊಗೆ ನಿಂತರೆ ಶಾಖ ಅಲ್ಲೇ ಕೂಡಿಕೊಳ್ಳುತ್ತದೆ. ಪೆಟ್ಟಿಗೆಯಲ್ಲಿ ಬಂದಿದ್ದ ಆ ಮೂರು ಜೇನುಗೂಡುಗಳ ಗತಿ ಹಾಗೆಯೇ ಆಗಿದ್ದಿರಬೇಕು.

“ಆಫ್ ಮಾಡಬೇಡಿ! ಆಕ್ಸಿಲರೇಟರ್ ಒತ್ತಿ, ಇನ್ನೂ ಒತ್ತಿ!”

ಅವನು ಕೈ ಬೀಗದ ಮೇಲಿಟ್ಟುಕೊಂಡೇ ನನ್ನನ್ನು ನೋಡಿದ. ಹುಚ್ಚಿಯನ್ನು ನೋಡುವ ನೋಟ. ನಂತರ ಪಂಪಾಪತಿಯವರ ಕಡೆ ತಿರುಗಿದ.

“ಏನ್ರಿ ಅಣ್ಣಾ ಇದು? ಉರಿಯೋ ಗಾಡಿ ರೇಸ್ ಮಾಡು ಅಂತಾರಲ್ರಿ ಇವರು?”

ಪಂಪಾಪತಿ ಕ್ಯಾಬಿನ್ನಿನ ಬಾಗಿಲಿಗೆ ಬಂದು ನಿಂತರು. ಅವರಿಗೂ ಇದು ಹೊಸದು. ಆಮೇಲೆ ಹೇಳಿದರು: “ಮೇಡಂ ಹೇಳಿದಂಗ ಮಾಡಲೇ. ನಾ ಇಲ್ಲೇ ಇರ್ತೀನಿ, ಎಲ್ಲೂ ಹೋಗಂಗಿಲ್ಲ.”

ಗಾದಿಲಿಂಗಪ್ಪ ಕೈ ತೆಗೆದು ಕಾಲು ಒತ್ತಿದ. ಎಂಜಿನ್ ಅರಚಿತು. ರವದಿಯಿಂದ ದೂರ ಒಯ್ಯಲೆಂದು ಗೇರ್ ಹಾಕಿದ. ಆದರೆ ಶಕ್ತಿ ಅರ್ಧಕ್ಕಿಳಿದ ಲಾರಿ ಅಷ್ಟು ಭಾರದೊಡನೆ ಆ ಮೆದು ನೆಲದಿಂದ ಏಳುವಂತಿರಲಿಲ್ಲ. ಚಕ್ರ ಒಮ್ಮೆ ತಿರುಗಿ ಹೂತಿತು. ಆಗಲೇ ಜೋತಾಡುತ್ತಿದ್ದ ಗರಿಯೊಂದರ ತುದಿಯಲ್ಲಿ ನೂಲಿನಂಥ ಹೊಗೆ ಎದ್ದಿತು.

“ಸುರುವಿಬಿಡು! ಲೋಡ್ ಹಿಂದಕ್ಕ ಸುರುವು!” ಎಂದು ಪಂಪಾಪತಿ ಕೂಗಿದರು. ನನಗದು ಹೊಳೆದಿರಲಿಲ್ಲ. ಟಿಪ್ಪರಿನ ತೊಟ್ಟಿ ಎತ್ತಬೇಕಾದರೂ ಎಂಜಿನ್ ಜೋರಾಗಿಯೇ ಓಡಬೇಕು. ನಮಗೆ ಬೇಕಾದದ್ದೂ ಅದೇ.

“ಮುಂಜಾನಿಯಿಂದ ಹೇರೀವಲ್ಲೋ ಯಪ್ಪಾ!” ಎಂದು ಯಾರೋ ಹೆಣ್ಣುಮಗಳು ಕೂಗಿದಳು. ಹನುಮಕ್ಕ ಅವಳ ರಟ್ಟೆ ಹಿಡಿದು ಎಳೆದಳು: “ಕಬ್ಬು ಹೋದ್ರ ಮತ್ತ ಹೇರೂಣ. ಏಳ್ರಿ, ಹುಡುಗ್ರನ್ನ ಎತ್ತಿಗೊಂಡು ಕಾಲುವಿ ಕಡೆ ನಡೀರಿ.”

ತೊಟ್ಟಿ ಮೇಲೇರುವುದು ಎಷ್ಟು ನಿಧಾನ ಎಂಬುದು ಅವತ್ತಿನವರೆಗೆ ನನಗೆ ಗೊತ್ತಿರಲಿಲ್ಲ. ಕಬ್ಬು ಮೊದಲು ಒಂದೊಂದಾಗಿ, ಆಮೇಲೆ ರಾಶಿಯಾಗಿ ಹಿಂದಕ್ಕೆ ಜಾರಿತು. ಹೊತ್ತಿದ ಗರಿಗಳೂ ಅದರೊಡನೆ ಹೋದವು. ಹಗುರಾದ ಟಿಪ್ಪರ್, ತೊಟ್ಟಿ ಪೂರಾ ಇಳಿಯುವ ಮೊದಲೇ ಹೂತ ಚಕ್ರ ಕಿತ್ತುಕೊಂಡು ಮುಂದೆ ಚಿಮ್ಮಿತು. ಸಣ್ಣ ಗೇರಿನಲ್ಲಿ, ಕಿರುಚುತ್ತ, ಹೊಲ ದಾಟಿ ಕಾಲುವೆ ಏರಿಯ ಕಡೆ ಹೊರಟಿತು. ಅದು ಹೋದ ಜಾಡಿನಲ್ಲಿ ಎರಡು ಕಡೆ ರವದಿ ಹೊತ್ತಿಕೊಂಡಿತು, ಹಿಂದೆ ಸುರುವಿದ್ದ ರಾಶಿಯ ಒಂದು ಅಂಚೂ ಉರಿಯತೊಡಗಿತು. ಹೆಂಗಸರು ಹಸಿ ಸೋಗೆಯ ಕಟ್ಟು ಹಿಡಿದು ಬಡಿದರು. ನಾನೂ ಬಡಿದೆ. ಒಣಗಾಳಿ ನಮ್ಮ ಕಡೆಗಿರಲಿಲ್ಲ, ಕೊಯ್ಯದೆ ನಿಂತ ಕಬ್ಬಿನ ಕಡೆಗೂ ಇರಲಿಲ್ಲ. ಆ ಪುಣ್ಯವೊಂದೇ ನಮ್ಮನ್ನು ಕಾಯ್ದದ್ದು.

ಬೆಂಕಿ ಆರಿದ ಮೇಲೆ ಏರಿಯ ಮೇಲೆ ಓಡಿದೆ. ಬರೀ ಗರಸು ಹಾಸಿದ ದಾರಿಯಲ್ಲಿ ಲಾರಿ ನಿಂತಿತ್ತು, ಎಂಜಿನ್ ಇನ್ನೂ ಜೋರಾಗಿಯೇ ಓಡುತ್ತಿತ್ತು. ಡಬ್ಬಿಯೊಳಗಿಂದ ಕಾದ ಮಡಕೆ ಒಡೆಯುವಂಥ ಸದ್ದು ಬಂತು, ಒಂದಾದ ಮೇಲೊಂದು. ಗಾದಿಲಿಂಗಪ್ಪ ಕ್ಯಾಬಿನ್ನಿನಲ್ಲೇ ಕುಳಿತಿದ್ದ. ಇಳಿದು ಓಡಬಹುದಿತ್ತು, ಆದರೆ ಇಳಿದರೆ ಆಕ್ಸಿಲರೇಟರ್ ಒತ್ತಲು ಯಾರೂ ಇರುವುದಿಲ್ಲ. ಅವನ ಬೆನ್ನ ಹಿಂದೆ ಒಂದು ಮಾರು ದೂರದಲ್ಲಿ ಡೀಸೆಲ್ ಟ್ಯಾಂಕು. ಅವನು ಕಾಲುವೆಯ ನೀರನ್ನೇ ನೋಡುತ್ತಿದ್ದ. ಕೆಂಪು ಬಣ್ಣ ಇಳಿದು ಉಕ್ಕು ಬೂದಿಬಣ್ಣಕ್ಕೆ ತಿರುಗುವವರೆಗೆ ಆ ಕಾಲು ಅಲುಗಲಿಲ್ಲ. ಸಾಕು ಎಂದು ನಾನು ಕೈಮಾಡಿದ ಮೇಲೆ ಇಳಿದ. ಮೆಟ್ಟಿಲಲ್ಲಿ ಕಾಲು ಜಾರಿ, ಆಸರೆಗೆಂದು ಹಿಡಿದದ್ದು ಕಾದ ತಗಡನ್ನು. ಅಂಗೈಯ ಚರ್ಮ ಅಲ್ಲೇ ಉಳಿಯಿತು. ಅವತ್ತು ಪೆಟ್ಟಾದದ್ದು ಅವನೊಬ್ಬನಿಗೆ. ಕಂಪ್ಲಿಯ ಆಸ್ಪತ್ರೆಗೆ ಪಂಪಾಪತಿಯವರ ಜೀಪಿನಲ್ಲೇ ಕರೆದೊಯ್ದೆವು.

ದಾರಿಯಲ್ಲಿ ಅವನು ಒಮ್ಮೆ ಮಾತ್ರ ಕೇಳಿದ: “ರೀಜನ್ ತಡದ್ರೂ ತಪ್ಪು, ಮಾಡಿದ್ರೂ ತಪ್ಪು. ಹಂಗಾರ ನಾ ಏನು ಮಾಡಬೇಕಿತ್ತು ಮೇಡಂ?”

“ನಿಮ್ಮದೇನೂ ತಪ್ಪಿಲ್ಲ. ನಮ್ಮ ಲೆಕ್ಕವೇ ತಪ್ಪಿದ್ದಾಗ ನೀವು ಏನು ಮಾಡಿದ್ದರೂ ಹೀಗೇ ಆಗುತ್ತಿತ್ತು” ಎಂದೆ. ನಿಜವಾದ ಉತ್ತರವೇ ಅದು. ಆದರೆ ಅದರಿಂದ ಅವನಿಗೆ ಸಮಾಧಾನವಾದಂತೆ ಕಾಣಲಿಲ್ಲ, ನನಗೂ ಆಗಲಿಲ್ಲ.

ಅಂದು ಸಂಜೆ ಒಡೆದ ಜೇನುಗೂಡಿನ ಫೋಟೋಗಳನ್ನು ಪುಣೆಗೆ ಕಳಿಸಿದೆ. ವಾರ ಕಾಯೋಣ ಎಂದಿದ್ದ ಮೇಲಧಿಕಾರಿ ಈಗ ತಾವೇ ಹೊಸಪೇಟೆಗೆ ಬಂದರು. ಗಾದಿಲಿಂಗಪ್ಪನ ಚಿಕಿತ್ಸೆ, ಲಾರಿಯ ರಿಪೇರಿ ಎರಡನ್ನೂ ಕಂಪನಿ ವಹಿಸಿಕೊಂಡಿತು. ನಾವು ಸಂಡೂರಿನ ಇಳಿಜಾರಿನಲ್ಲೇ ವಾರಗಟ್ಟಲೆ ಅಳತೆ ತೆಗೆದು ಮಾದರಿಯನ್ನು ಮತ್ತೆ ಹೊಂದಿಸಿದೆವು. ತಣ್ಣನೆಯ ಹೊಗೆ, ಧೂಳು ಕಟ್ಟಿದ ಏರ್ ಫಿಲ್ಟರ್, ಸರದಿಯಲ್ಲಿ ನಿಂತ ಎಂಜಿನ್, ಎಲ್ಲವೂ ಲೆಕ್ಕಕ್ಕೆ ಬಂದವು. ಮಸಿ ಅತಿಯಾಗಿದ್ದರೆ ನಿಂತಲ್ಲಿ ರೀಜನ್ ಆಗದಂತೆ ಬೀಗ ಹಾಕಿದೆವು. ಆ ಭಾಗದ ಲಾರಿಗಳು ಒಂದೊಂದಾಗಿ ವರ್ಕ್‌ಶಾಪಿಗೆ ಬಂದು ಹೊಸ ಸಾಫ್ಟ್‌ವೇರ್ ಹಾಕಿಸಿಕೊಂಡು ಹೋದವು. ಗಾದಿಲಿಂಗಪ್ಪ ಎರಡು ತಿಂಗಳ ಮೇಲೆ ಮತ್ತೆ ಸ್ಟೇರಿಂಗ್ ಹಿಡಿದ. ಕಬ್ಬು ಹೇರುವುದನ್ನು ಮಾತ್ರ ಬಿಟ್ಟ.

ಆಮೇಲೆ ನಿವೃತ್ತಿಯವರೆಗೂ, ಯಾರೇ ಹೊಸ ಮಾದರಿ ತಂದು ಅಂಕಿಗಳು ಎಷ್ಟು ಚೆನ್ನಾಗಿ ಕೂಡಿಬಂದಿವೆ ನೋಡಿ ಎಂದರೂ, ನಾನು ಮೊದಲು ಕೇಳುತ್ತಿದ್ದ ಪ್ರಶ್ನೆ ಒಂದೇ: ಇದು ಯಾವ ಯಾವ ರಸ್ತೆ ನೋಡಿದೆ? ನೋಡದ ರಸ್ತೆಯಲ್ಲಿ ಇದು ಏನು ಹೇಳುತ್ತದೆ? ತನಗೆ ಗೊತ್ತಿಲ್ಲ ಎನ್ನಲು ಬರುವ ಮಾದರಿಯನ್ನು ನಾನಿನ್ನೂ ಕಂಡಿಲ್ಲ. ಗೊತ್ತಿಲ್ಲದಲ್ಲಿಯೂ ಅದು ಅದೇ ದನಿಯಲ್ಲಿ, ಅದೇ ಧೈರ್ಯದಿಂದ ಒಂದು ಸಂಖ್ಯೆ ಹೇಳುತ್ತದೆ. ಹೆದರಬೇಕಾದವರು ನಾವು.

ವರ್ಕ್‌ಶಾಪಿಗೆ ಬಾರದ ಲಾರಿಗಳೂ ಕೆಲವಿದ್ದವು. ಅಷ್ಟರಲ್ಲಾಗಲೇ ಮಾರಾಟವಾಗಿ ಕೈ ಬದಲಿಸಿ, ಬೇರೆ ರಾಜ್ಯಕ್ಕೆ ಹೋಗಿದ್ದವು. ಪಂಪಾಪತಿ ಹಳೆಯ ಮಾಲೀಕರ ಮನೆಬಾಗಿಲಿಗೆ ಹೋಗಿ ವಿಚಾರಿಸಿದರು, ನಾವು ಪತ್ರ ಬರೆದೆವು. ಎರಡರ ಸುಳಿವು ಕೊನೆಗೂ ಸಿಗಲಿಲ್ಲ. ಅವು ಈಗಲೂ ಎಲ್ಲೋ ಓಡುತ್ತಿರಬಹುದು, ಇಳಿಜಾರಿನಲ್ಲೋ ಹೊಲದಲ್ಲೋ ಯಾವುದೋ ಕಾರ್ಖಾನೆಯ ಗೇಟಿನ ಮುಂದಿನ ಸರದಿಯಲ್ಲೋ. ಅವುಗಳ ಚಾಲಕರ ಮುಂದಿನ ಪರದೆ ಎಲ್ಲ ಸರಿಯಿದೆಯೆಂದೇ ಹೇಳುತ್ತಿರುತ್ತದೆ.